ಶಾಸನಸಭೆಗಳಲ್ಲಿ ವಕೀಲರು: ನಾಗಪುರ ಪ್ರಾಂತದ ಒಂದು ನಿದರ್ಶನ

1

ಪ್ರಜಾಪ್ರತಿನಿಧಿಗಳ ಸಭೆಗಳು ಎಲ್ಲೆಲ್ಲಿ ತಲೆಯೆತ್ತಿವೆಯೋ ಅಲ್ಲಲ್ಲಿ ವಕೀಲರು ಮೊದಲ ಸಾಲಿನಲ್ಲಿ ಕಾಣಿಸಿಕೊಂಡಿರುವುದು ಚರಿತ್ರೆಯ ಸಾಮಾನ್ಯ ಅನುಭವ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂಡಿ ಅಮೆರಿಕದ ಸಂವಿಧಾನವನ್ನು ರಚಿಸಿದ 55 ಪ್ರತಿನಿಧಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಾನೂನನ್ನು ಅಭ್ಯಾಸ ಮಾಡಿದವರು. 1789ರಲ್ಲಿ ಫ್ರಾನ್ಸಿನ ಮೂರನೆಯ ವರ್ಗದಿಂದ ಆರಿಸಿ ಬಂದವರಲ್ಲಿಯೂ ಅವರ ಸಂಖ್ಯೆ ಹಿರಿದಾಗಿತ್ತು. ಸ್ವತಂತ್ರ ಭಾರತದ ಮೊದಲನೆಯ ಲೋಕಸಭೆ 1952ರಲ್ಲಿ ಕೂಡಿದಾಗ ಸದಸ್ಯರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ವಕೀಲರೇ ಇದ್ದರು. ದೇಶದ ಬಹುಸಂಖ್ಯಾತರಾದ ಬೇಸಾಯಗಾರರ ಪಾಲು ನಾಲ್ಕರಲ್ಲೊಂದನ್ನೂ ಮುಟ್ಟಿರಲಿಲ್ಲ.

ಈ ಸಂಗತಿಯನ್ನು ಕುರಿತು ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಕಾನೂನು ಮಾಡುವವರು ಕಾನೂನು ಬಲ್ಲವರಾಗಿರಬೇಕೆಂಬುದು ಒಂದು. ವಕೀಲರ ಸಭೆಯಿಂದ ಹೊರಬಿದ್ದ ಕಾನೂನು ವಕೀಲರಿಗಷ್ಟೇ ಅನ್ನ ನೀಡುವುದೆಂಬುದು ಇನ್ನೊಂದು. ಕೋರ್ಟಿನ ಮೆಟ್ಟಲು ಹತ್ತಿದ ರೈತನ ಬಗೆಗೆ ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಗಾದೆ ಕಟ್ಟಿದ ಕನ್ನಡಿಗರಿಗೆ ಎರಡನೆಯ ಮಾತು ಹೆಚ್ಚು ಪರಿಚಿತ. ಈ ಎರಡರಲ್ಲಿ ಯಾವುದು ಎಷ್ಟು ನಿಜವೆಂಬುದನ್ನು ಒಂದು ಸ್ಥಳದ ಚರಿತ್ರೆಯನ್ನು ಹಿಡಿದು ಪರೀಕ್ಷಿಸುವುದು ಉಚಿತ. ಅದಕ್ಕೆ ನಾಗಪುರದಷ್ಟು ಅನುಕೂಲವಾದ ಊರುಗಳು ಕಡಿಮೆ. 1861ರಿಂದ 1956ರ ವರೆಗೆ ಒಂದು ಪ್ರಾಂತದ ರಾಜಧಾನಿಯಾಗಿದ್ದು, 1936ರಿಂದ ತನ್ನದೇ ಉಚ್ಚ ನ್ಯಾಯಾಲಯವನ್ನೂ ಪಡೆದಿದ್ದ ಈ ಊರು ಕೇಂದ್ರ ಶಾಸನಸಭೆಗೆ ಕಳುಹಿಸಿದವರ ಸಾಲು ದೊಡ್ಡದು. ಅವರ ಕಾರ್ಯದೊಡನೆ ಕನ್ನಡ ನಾಡಿನ ಸಂಬಂಧ ತಿರುತಿರುಗಿ ಬಂದಿರುವುದು ಗಮನಿಸತಕ್ಕ ಅಂಶ.

2

ಮಧ್ಯಪ್ರಾಂತದಿಂದ ವೈಸರಾಯರ ಶಾಸನಸಭೆಯಲ್ಲಿ ಕುಳಿತ ಮೊದಲ ತಲೆಮಾರಿನ ಸದಸ್ಯರಲ್ಲಿ ಇಬ್ಬರು ಎರಡು ವರ್ಗಗಳ ಪ್ರತೀಕದಂತಿದ್ದಾರೆ. ಸರ್ ಗಂಗಾಧರರಾವ್ ಚಿಟ್ನವೀಸರು ಭೂಮಾಲಿಕರು. ಸರ್ ಬಿಪಿನ್ ಕೃಷ್ಣ ಬೋಸರು ಬಂಗಾಳದಿಂದ ಬಂದು ನಾಗಪುರದಲ್ಲಿ ನೆಲೆಸಿ ವಕೀಲಿ ವೃತ್ತಿಯಿಂದಲೇ ಮೇಲೆ ಬಂದವರು. 1923ರಲ್ಲಿ ನಾಗಪುರ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಮೊದಲ ಉಪಕುಲಪತಿಗಳಾದರು. ಭೂಮಾಲಿಕನ ಸ್ಥಾನವನ್ನು ವಕೀಲನು ಕ್ರಮೇಣ ಆಕ್ರಮಿಸಿಕೊಂಡುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಇಂಗ್ಲಿಷ್ ಕಲಿತ ಭಾರತೀಯರಲ್ಲಿ ಬಹುಮಂದಿ ಸರಕಾರಿ ನೌಕರರು. ಅವರಿಗೆ ಚುನಾವಣೆಗೆ ನಿಲ್ಲುವ ಹಕ್ಕಿರಲಿಲ್ಲ. ಉಪಾಧ್ಯಾಯನು ಶಾಲೆಗೆ, ಗುಮಾಸ್ತನು ಕಚೇರಿಗೆ ಕಟ್ಟುಬಿದ್ದವರು. ಸದಸ್ಯರಿಗೆ ಆಗ ಸಂಬಳವೆಂಬುದಿರಲಿಲ್ಲ. ಕೆಲವು ತಿಂಗಳು ಸಿಮ್ಲೆಯಲ್ಲಿಯೋ ದಿಲ್ಲಿಯಲ್ಲಿಯೋ ಇದ್ದು, ತಿರುಗಿ ಬಂದು ತನ್ನ ಕಕ್ಷಿಗಾರರನ್ನು ಕೂಡಿಕೊಳ್ಳಬಲ್ಲವನು ವಕೀಲನೊಬ್ಬನೇ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರರು 1919ರಲ್ಲಿ ಯುರೋಪನ್ನು ಕುರಿತು ಹೇಳಿದ್ದೂ ಇದನ್ನೇ: ವೈದ್ಯನೂ ಉದ್ಯಮಿಯೂ ತಮ್ಮ ಕೆಲಸವನ್ನು ಬಿಟ್ಟು ಬರಲಾರರು, ವಕೀಲನು ಬರಬಲ್ಲನು.

ಇದಕ್ಕೆ ಅಪವಾದಗಳೂ ನಾಗಪುರದಲ್ಲಿಯೇ ಉಂಟು. ಕೇಂದ್ರ ಸಭೆಯಲ್ಲಿ ಕುಳಿತ ಬಿ. ಎಸ್. ಮೂಂಜೆಯವರೂ ಎನ್. ಬಿ. ಖರೆಯವರೂ ವೈದ್ಯರು. ಆದರೂ ಒಟ್ಟಿನ ಮೇಲೆ ವಕೀಲರ ಮೇಲುಗೈಗೆ ಮೂಲಕಾರಣ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಜೀವನೋಪಾಯದ ಸ್ವಾತಂತ್ರ್ಯವೆಂಬುದು ಸ್ಪಷ್ಟ.

1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನ ಇದಕ್ಕೆ ಒಳ್ಳೆಯ ಸಾಕ್ಷ್ಯ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಕೂಡಿದ್ದ ಈ ಅಧಿವೇಶನವನ್ನು ಕನ್ನಡಿಗರು ನೆನೆಯುವುದು ಬೇರೊಂದು ಕಾರಣಕ್ಕಾಗಿ. ಭಾಷೆಯ ಆಧಾರದ ಮೇಲೆ ಪ್ರಾಂತಿಕ ಸಮಿತಿಗಳನ್ನು ಏರ್ಪಡಿಸುವ ನಿರ್ಣಯ ಇಲ್ಲಿಯೇ ಆದುದರಿಂದ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕರ್ನಾಟಕಕ್ಕೆ ಕಾಂಗ್ರೆಸಿನ ಮಟ್ಟಿಗೆ ಒಂದೇ ಸಮಿತಿ ದೊರೆಯಿತು. ಅದೇ ಅಧಿವೇಶನ ಅಸಹಕಾರದ ಕಾರ್ಯಕ್ರಮವನ್ನು ಸ್ಥಿರಪಡಿಸಿ, ವಕೀಲರು ಕ್ರಮೇಣ ನ್ಯಾಯಾಲಯಗಳನ್ನು ತ್ಯಜಿಸಬೇಕೆಂದು ಕರೆಯಿತ್ತಿತು. ಅಧ್ಯಕ್ಷಪೀಠದಲ್ಲಿದ್ದವರು ಸೇಲಂನ ವಕೀಲರಾದ ಸಿ. ವಿಜಯರಾಘವಾಚಾರ್ಯರೆಂಬುದು ನೆನಪಿಡತಕ್ಕ ಮಾತು. ಮಂಗಳೂರಿನ ಕಾರ್ನಾಡು ಸದಾಶಿವರಾಯರಂಥವರು ನಡೆಯುತ್ತಿದ್ದ ವೃತ್ತಿಯನ್ನು ಬಿಟ್ಟು ಹೊರಬಂದರು. ಹೀಗೆ ಬಿಟ್ಟವರ ಸಂಸಾರಗಳು ನಡೆಯುವುದೆಂತು? ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದ ವರ್ಧಾದ ವ್ಯಾಪಾರಿ ಜಮ್ನಾಲಾಲ್ ಬಜಾಜರು ಅಂಥ ವಕೀಲರ ನಿರ್ವಾಹಕ್ಕಾಗಿಯೇ ಒಂದು ಲಕ್ಷ ರೂಪಾಯಿಗಳನ್ನು ಕೊಟ್ಟರು. ವಕೀಲನ ರಾಜಕೀಯ ಸ್ವಾತಂತ್ರ್ಯವು ಅವನ ಸಂಪಾದನೆಯ ಮೇಲೆ ನಿಂತಿತ್ತೆಂಬುದಕ್ಕೆ ಈ ದಾನವೇ ದಾಖಲೆ.

3

ಇಷ್ಟು ವಕೀಲರು ಸಭೆಯಲ್ಲಿ ಕುಳಿತು ಮಾಡಿದ್ದೇನು? ಈ ಪ್ರಶ್ನೆಗೆ ಸರ್ ಹರಿಸಿಂಗ್ ಗೌರರ ಕೆಲಸ ಉತ್ತರ ನೀಡುತ್ತದೆ. ಸಾಗರ ಪಟ್ಟಣದಲ್ಲಿ 1870ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಬ್ಯಾರಿಸ್ಟರಾಗಿ ನಾಗಪುರದಲ್ಲಿ ಹೆಸರು ಮಾಡಿದ ಇವರು ದಂಡವಿಧಿ, ಹಿಂದೂ ಕಾನೂನು ಮುಂತಾದ ವಿಷಯಗಳ ಮೇಲೆ ದೊಡ್ಡ ಗ್ರಂಥಗಳನ್ನು ಬರೆದರು. 1921ರಲ್ಲಿ ಹೊಸ ಕೇಂದ್ರ ಶಾಸನಸಭೆ ಕೂಡಿದೊಡನೆಯೇ, ಭಾರತಕ್ಕೆ ತನ್ನದೇ ಆದ ಅಂತಿಮ ಮೇಲ್ಮನವಿಯ ನ್ಯಾಯಾಲಯ ಬೇಕೆಂಬ ಗೊತ್ತುವಳಿಯನ್ನು ಮಂಡಿಸಿದರು. ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಬೇಕಾಗಿದ್ದ ಆ ದಿನಗಳಲ್ಲಿ ಅನೇಕರಿಗೆ ಅದು ಅಕಾಲದ ಮಾತಾಗಿ ತೋರಿತು.

ಅವರ ಹೆಸರು ಉಳಿಯುವುದು ಮುಖ್ಯವಾಗಿ 1923ರ ವಿವಾಹ ಕಾನೂನಿನಿಂದ. 1872ರ ವಿಶೇಷ ವಿವಾಹ ಕಾನೂನಿನಂತೆ ಮದುವೆಯಾಗುವವರು ತಾವು ಹಿಂದುಗಳೂ ಅಲ್ಲ, ಮುಸಲ್ಮಾನರೂ ಅಲ್ಲ, ಕ್ರೈಸ್ತರೂ ಅಲ್ಲ ಎಂಬಂತೆ ಪ್ರತಿಜ್ಞೆ ಮಾಡಬೇಕಾಗಿತ್ತು. ಜಾತಿಯ ಹೊರಗೆ ಮದುವೆಯಾಗಬಯಸುವವನು ಧರ್ಮವನ್ನೇ ಅಲ್ಲಗಳೆಯಬೇಕು, ಇಲ್ಲವೆ ಸುಳ್ಳು ಪ್ರಮಾಣ ಮಾಡಬೇಕು. ಗೌರರ ತಿದ್ದುಪಡಿಯಿಂದ ಹಿಂದೂ, ಬೌದ್ಧ, ಸಿಖ್, ಜೈನರು ಧರ್ಮವನ್ನು ತ್ಯಜಿಸದೆಯೇ ಪರಸ್ಪರ ಮದುವೆಯಾಗುವ ಅವಕಾಶ ದೊರೆಯಿತು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು: ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಎಣಿಸಲ್ಪಡುತ್ತಿದ್ದನು. ಆದರೂ ವಿರೋಧಿಗಳು ಒಪ್ಪಬಹುದಾದ ಅತಿಸಣ್ಣ ಬಾಗಿಲನ್ನು ಗುರುತಿಸಿ ತೆರೆದುದು ನುರಿತ ವಕೀಲನ ಕೆಲಸವೇ ಸರಿ. ಸ್ತ್ರೀಯರಿಗೆ ವಕೀಲಿ ವೃತ್ತಿಯನ್ನು ತೆರೆದ 1923ರ ಕಾನೂನಿನ ಪರವಾಗಿಯೂ ಗೌರರು ವಾದಿಸಿದರು. ಬಾಲವಿವಾಹದ ಪ್ರಶ್ನೆಯನ್ನು ವಿಚಾರಿಸಲು 1928ರಲ್ಲಿ ನೇಮಿಸಿದ ಸಮಿತಿಗೆ ಇದೇ ಪ್ರಾಂತದ ನ್ಯಾಯವಾದಿ ಸರ್ ಮೋರೋಪಂತ ಜೋಶಿಯವರು ಅಧ್ಯಕ್ಷರು. ಮರುವರ್ಷ ಅಂಗೀಕಾರವಾದ ಶಾರದಾ ಕಾನೂನಿಗೆ ಈ ಸಮಿತಿಯ ವಿಚಾರಣೆ ಬಲ ನೀಡಿತು.

ಕಾನೂನಿನ ಶಿಕ್ಷಣವಿಲ್ಲದ ಸದ್ಭಾವನೆ ಎಡವಬಹುದೆಂಬುದಕ್ಕೆ ನಿದರ್ಶನ ಇದೇ ಕಾಲದಲ್ಲಿ ದೊರೆಯುತ್ತದೆ. ಮುಂಬಯಿಯ ಶಸ್ತ್ರವೈದ್ಯ ಡಾ. ಜಿ. ವಿ. ದೇಶಮುಖರು ಕೇಂದ್ರ ಸಭೆಯಲ್ಲಿ ಮಂಡಿಸಿದ ಮಸೂದೆಯಿಂದ 1937ರಲ್ಲಿ ಹಿಂದೂ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಹಕ್ಕು ದೊರೆಯಿತು. ಉದ್ದೇಶ ಶ್ರೇಷ್ಠ, ಆದರೆ ಸಭೆಗಳ ಮೂಲಕ ಹಾದು ಬರುವಷ್ಟರಲ್ಲಿ ಅದರ ಶಬ್ದಗಳು ಸಂದಿಗ್ಧಗಳಿಂದ ತುಂಬಿದ್ದುವು. 1941ರಲ್ಲಿ ಫೆಡರಲ್ ನ್ಯಾಯಾಲಯವು ಈ ಕಾನೂನು ಬೇಸಾಯದ ಭೂಮಿಗೆ ಅನ್ವಯಿಸದೆಂದು ತೀರ್ಮಾನಿಸಿತು. ಹೊಲವೊಂದೇ ಆಸ್ತಿಯಾಗಿದ್ದ ಹಳ್ಳಿಯ ವಿಧವೆಗೆ ಕೇಂದ್ರದ ಕಾನೂನಿನಿಂದ ಸಿಕ್ಕ ಹಕ್ಕು ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಈ ತೊಡಕುಗಳನ್ನು ಬಿಡಿಸಲೆಂದೇ 1941ರಲ್ಲಿ ಹಿಂದೂ ಕಾನೂನಿನ ಸಮಿತಿಯನ್ನು ನೇಮಿಸಲಾಯಿತು. ಅದರ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು. ಇಲ್ಲಿ ಕನ್ನಡ ನಾಡಿನ ಎರಡು ಕಾಲಗಳು ಎದುರುಬದುರಾದುದನ್ನು ಕಾಣಬಹುದು. ನಾಗಪುರದ ನ್ಯಾಯಾಲಯಗಳಲ್ಲಿ ಹಿಂದೂ ಕುಟುಂಬಗಳ ಪಾಲುಪಾರೀಕತ್ತಿನ ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದುದು ಮಿತಾಕ್ಷರಾ ಪದ್ಧತಿಯಂತೆ. ಆ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಅಲ್ಲಿಂದ ಹೊರಟ ಕಟ್ಟಳೆಯನ್ನು ಎಂಟು ಶತಮಾನಗಳ ಮೇಲೆ ತಿದ್ದುವ ಕೆಲಸ ಇನ್ನೊಬ್ಬ ಕರ್ನಾಟಕದವರ ಪಾಲಿಗೆ ಬಂದಿತು. ಸಮಿತಿಯ ಕರಡು ಅಂಬೇಡಕರರ ಕೈ ಸೇರಿ, ಬಹಳ ಎಡರುಗಳ ಮೇಲೆ 1955 ಮತ್ತು 1956ರಲ್ಲಿ ನಾಲ್ಕು ಕಾನೂನುಗಳಾಗಿ ಹೊರಬಂದಿತು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಸಲ್ಲಬೇಕೆಂಬ ತಿದ್ದುಪಡಿ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದಿತು.

4

ವಕೀಲರ ಪ್ರಾಧಾನ್ಯ ಅತ್ಯಂತ ಎತ್ತರಕ್ಕೇರಿದುದು ಸಂವಿಧಾನ ರಚನಾಸಭೆಯಲ್ಲಿ. 1947ರ ಆಗಸ್ಟ್ 29ರಂದು ನೇಮಕವಾದ ಏಳು ಮಂದಿಯ ಕರಡು ಸಮಿತಿಯಲ್ಲಿ ಅಂಬೇಡಕರ್, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಮುನ್ಷಿ, ಸಾದುಲ್ಲಾ, ಮಿತ್ತರ್, ಖೈತಾನ್ ಇವರೆಲ್ಲ ಕಾನೂನಿನ ವೃತ್ತಿಯವರು. ಗೋಪಾಲಸ್ವಾಮಿ ಅಯ್ಯಂಗಾರರು ಆಡಳಿತದಿಂದ ಬಂದವರು. ಸ್ಥಾನಗಳು ತೆರವಾದಾಗ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರೂ ವ್ಯಾಪಾರದಲ್ಲಿದ್ದ ಟಿ. ಟಿ. ಕೃಷ್ಣಮಾಚಾರಿಯವರೂ ಸೇರಿದರು.

1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡಕರರು, ಪಕ್ಷದ ಶಿಸ್ತಿಗೆ ಮಣಿಯದೆ ಪ್ರಶ್ನೆಗಳನ್ನೆತ್ತಿ ಸಭೆಗೆ ಜೀವ ತುಂಬಿದವರೆಂದು ಏಳು ಮಂದಿಯನ್ನು ಹೆಸರಿಸಿದರು: ಕಾಮತ್, ಪಂಜಾಬರಾವ್ ದೇಶಮುಖ, ಸಿಧ್ವಾ, ಸಕ್ಸೇನಾ, ಠಾಕುರದಾಸ್ ಭಾರ್ಗವ, ಕೆ. ಟಿ. ಶಾಹ, ಹೃದಯನಾಥ ಕುಂಜ್ರು. ಇವರಲ್ಲಿ ಮೊದಲ ಮೂವರೂ ಮಧ್ಯಪ್ರಾಂತ ಮತ್ತು ವರ್ಹಾಡದಿಂದ ಆರಿಸಿ ಬಂದವರು. ಅಮರಾವತಿಯ ದೇಶಮುಖರು ಬ್ಯಾರಿಸ್ಟರು. ಪಟ್ಟಿಯ ಮೊದಲ ಹೆಸರಿನ ಹರಿ ವಿಷ್ಣು ಕಾಮತರು ವಕೀಲರಲ್ಲ. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಅಧಿಕಾರಿಯಾಗಿ ಮಧ್ಯಪ್ರಾಂತಕ್ಕೆ ಬಂದು, 1938ರಲ್ಲಿ ಆ ಹುದ್ದೆಗೆ ರಾಜೀನಾಮೆಯಿತ್ತವರು. ಹೊಟ್ಟೆಪಾಡಿಗೆಂದು ಬಂದ ಪ್ರಾಂತವನ್ನೇ ತಮ್ಮ ಕ್ಷೇತ್ರವಾಗಿಸಿಕೊಂಡ ದಕ್ಷಿಣದವರಲ್ಲಿ ಅವರು ಅಗ್ರಗಣ್ಯರು.

ಈ ಪ್ರಾಂತದ ಇಬ್ಬರು ಸದಸ್ಯರು, ಒಬ್ಬ ವಕೀಲರು ಮತ್ತು ಒಬ್ಬ ವಕೀಲರಲ್ಲದವರು, ಎತ್ತಿದ ಎರಡು ವಿಷಯಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ನ್ಯಾಯವಾದಿ ಕಾಜಿ ಸೈಯದ್ ಕರೀಮುದ್ದೀನರು 1948ರ ಡಿಸೆಂಬರಿನಲ್ಲಿ ಒಂದು ತಿದ್ದುಪಡಿ ತಂದರು. ಅಮೆರಿಕದ ಸಂವಿಧಾನದಲ್ಲಿರುವಂತೆ ಪ್ರಜೆಯ ದೇಹ, ಮನೆ, ಕಾಗದಪತ್ರಗಳನ್ನು ಸಕಾರಣವಿಲ್ಲದ ಶೋಧನೆಯಿಂದ ರಕ್ಷಿಸಬೇಕೆಂಬುದು ಅದರ ಸಾರ. ಅಂಬೇಡಕರರು ಒಪ್ಪಲು ಸಿದ್ಧರಿದ್ದರೂ ಸಭೆ ಅದನ್ನು ತಿರಸ್ಕರಿಸಿತು. ಕಾಮತರು 1949ರ ಆಗಸ್ಟಿನಲ್ಲಿ ಹೋರಾಡಿದುದು ತುರ್ತು ಪರಿಸ್ಥಿತಿಯ ವಿಧಿಗಳ ಮೇಲೆ. ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆಹೋಗುವುದನ್ನೇ ತಡೆಹಿಡಿಯುವ ಅಧಿಕಾರವನ್ನು ಸರಕಾರಕ್ಕೆ ಕೊಡುವುದು ನಾಚಿಕೆಗೇಡೆಂದು ಅವರು ಪ್ರತಿಭಟಿಸಿದರು. ದೇಶದ ಪ್ರಖ್ಯಾತ ನ್ಯಾಯವಾದಿಗಳು ತುಂಬಿದ್ದ ಸಭೆ ವಿಧಿಯನ್ನು ಅಂಗೀಕರಿಸಿತು.

ಮುಂದೆ ನಡೆದುದು ಎಲ್ಲರಿಗೂ ತಿಳಿದದ್ದೇ. 1954ರಲ್ಲಿ ಎಂ. ಪಿ. ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಅಮೆರಿಕದಲ್ಲಿರುವಂಥ ರಕ್ಷಣೆ ಭಾರತದ ಸಂವಿಧಾನದಲ್ಲಿ ಇಲ್ಲವೆಂಬ ಕಾರಣವನ್ನೇ ಹಿಡಿದು ಶೋಧನೆಯ ಅಧಿಕಾರವನ್ನು ಎತ್ತಿಹಿಡಿಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಕಾಮತರು ಅಂಜಿದ ವಿಧಿಯೇ ಜಾರಿಗೆ ಬಂದಿತು. 1976ರಲ್ಲಿ, ಒಂದು ಕಾಲಕ್ಕೆ ನಾಗಪುರದ ಆಡಳಿತಕ್ಕೇ ಸೇರಿದ್ದ ಜಬಲಪುರದ ಹೆಸರು ಹೊತ್ತ ಮೊಕದ್ದಮೆಯಲ್ಲಿ, ಬಂಧಿತನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕಿಲ್ಲವೆಂದು ಐವರಲ್ಲಿ ನಾಲ್ವರು ನ್ಯಾಯಾಧೀಶರು ತೀರ್ಪಿತ್ತರು. ಭಿನ್ನಮತ ತಾಳಿದವರು ಎಚ್. ಆರ್. ಖನ್ನಾ ಒಬ್ಬರೇ. 1977ರಲ್ಲಿ ಹೋಶಂಗಾಬಾದಿನಿಂದ ಕಾಮತರು ಮತ್ತೆ ಲೋಕಸಭೆಗೆ ಬಂದರು. ಮರುವರ್ಷ 44ನೆಯ ತಿದ್ದುಪಡಿಯ ಮೂಲಕ ಸಂಸತ್ತು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಎಂಥ ತುರ್ತಿನಲ್ಲಿಯೂ ತಡೆಹಿಡಿಯಲಾಗದಂತೆ ಮಾಡಿತು. ಕೊನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಂದೇ ತೀರ್ಪಿನಲ್ಲಿ 1954ರ ಅಭಿಪ್ರಾಯವನ್ನೂ 1976ರ ತೀರ್ಪನ್ನೂ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಹೀಗೆ ಈ ಪ್ರಾಂತದ ವಕೀಲರೊಬ್ಬರೂ ವಕೀಲರಲ್ಲದವರೊಬ್ಬರೂ ಸಭೆಯಲ್ಲಿ ಸೋತ ವಾದಗಳು ಸುಮಾರು ಎಪ್ಪತ್ತು ವರ್ಷಗಳ ಮೇಲೆ ಒಂದೇ ದಿನ ಮನ್ನಣೆ ಪಡೆದುವು.

ಈ ಪ್ರಸಂಗದಿಂದ ಹೊರಡುವ ತಾತ್ಪರ್ಯ ಇಷ್ಟು: ಕಾನೂನಿನ ಶಿಕ್ಷಣ ವಿಧಿಯ ಮಾತುಗಳಿಗೆ ಖಚಿತತೆ ತರಬಲ್ಲುದು. ಆ ವಿಧಿ ನಾಳೆ ಯಾರ ಮೇಲೆ ಬೀಳುವುದೆಂಬ ಎಚ್ಚರ ಪದವಿಯೊಡನೆ ತಾನಾಗಿ ಬರುವುದಿಲ್ಲ. ಕಾಮತರಿಗೆ ಆ ಎಚ್ಚರ ಬಂದುದು ಬಹುಶಃ ಅಧಿಕಾರಿಯಾಗಿ ಕುಳಿತ ಅನುಭವದಿಂದ.

5

ವಕೀಲರ ಪ್ರಾಬಲ್ಯ ಮೇಲೇರಿದಷ್ಟೇ ಬೇಗ ಇಳಿಯಿತು. ಎರಡನೆಯ ಲೋಕಸಭೆಯಲ್ಲಿ ಅವರ ಪಾಲು ಶೇಕಡ 30ರ ಆಸುಪಾಸಿಗೆ, 1967ರ ಸಭೆಯಲ್ಲಿ ಶೇಕಡ 20ಕ್ಕಿಂತ ಕೆಳಗೆ ಬಂದಿತು. 2024ರಲ್ಲಿ ಆರಿಸಿ ಬಂದ ಸಭೆಯಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ. ಬೇಸಾಯಗಾರರೂ ಉದ್ಯಮಿಗಳೂ ಸಮಾಜಕಾರ್ಯವೇ ವೃತ್ತಿಯೆಂದು ಬರೆಸುವವರೂ ಆ ಸ್ಥಾನಗಳಲ್ಲಿ ಕುಳಿತಿದ್ದಾರೆ. ಮೊದಲಿನ ಕಾರಣಗಳು ಹೋದುದರಿಂದ ಕಾರ್ಯವೂ ಹೋಯಿತು. ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂದಿತು. 1954ರ ಕಾನೂನಿನಿಂದ ಸದಸ್ಯರಿಗೆ ತಿಂಗಳಿಗೆ 400 ರೂಪಾಯಿ ಸಂಬಳವೂ ದಿನಕ್ಕೆ 21 ರೂಪಾಯಿ ಭತ್ಯವೂ ಗೊತ್ತಾಯಿತು. ಅದೇ ವರ್ಷ ನಾಗಪುರದ ನೆರೆಯ ಭಂಡಾರಾ ಕ್ಷೇತ್ರದ ಉಪಚುನಾವಣೆಯಲ್ಲಿ, ಸಂವಿಧಾನದ ಕರಡನ್ನು ಸಭೆಯಲ್ಲಿ ನಡೆಸಿಕೊಟ್ಟ ಅಂಬೇಡಕರರೇ ಸೋತರು. ಮತಪೆಟ್ಟಿಗೆಯ ಲೆಕ್ಕದಲ್ಲಿ ಕಾನೂನಿನ ಪಾಂಡಿತ್ಯದ ತೂಕ ಎಷ್ಟೆಂಬುದು ಅಂದೇ ಗೊತ್ತಾಯಿತು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ, ನಾಗಪುರ ರಾಜಧಾನಿಯ ಪದವಿಯನ್ನು ಕಳೆದುಕೊಂಡಿತು. ಅದರ ಉಚ್ಚ ನ್ಯಾಯಾಲಯ ಮುಂಬಯಿಯ ಪೀಠವಾಗಿ ಉಳಿಯಿತು. ಯವತಮಾಳದ ವಕೀಲ ಎಂ. ಎಸ್. ಅಣೆಯವರು ವಿದರ್ಭ ರಾಜ್ಯದ ಬೇಡಿಕೆಯನ್ನು ಹಿಡಿದು 1962ರಲ್ಲಿ ನಾಗಪುರದಿಂದ ಗೆದ್ದುದು ಹಳೆಯ ತಲೆಮಾರಿನ ಕೊನೆಯ ಹೊಳಪೆನ್ನಬಹುದು. ಪದವಿಯ ಮಟ್ಟಿಗೆ ಕಾನೂನು ಓದಿದವರು ಆಮೇಲೂ ಉಂಟು. ನಾಗಪುರ ವಿಶ್ವವಿದ್ಯಾನಿಲಯದ ಕಾನೂನು ಪದವೀಧರರಾದ ಪಿ. ವಿ. ನರಸಿಂಹರಾಯರು 1984 ಮತ್ತು 1989ರಲ್ಲಿ ಹತ್ತಿರದ ರಾಮಟೇಕಿನಿಂದ ಆರಿಸಿ ಬಂದರು. 2014ರಿಂದ ನಾಗಪುರವನ್ನು ಪ್ರತಿನಿಧಿಸುತ್ತಿರುವ ನಿತಿನ್ ಗಡ್ಕರಿಯವರೂ ಕಾನೂನು ಪದವೀಧರರೇ. ಆದರೆ ಇವರಿಗೆ ಅದು ವಿದ್ಯೆ, ಜೀವನವೃತ್ತಿಯಲ್ಲ.

ವಕೀಲರು ಶಾಸನಸಭೆಯನ್ನು ಬಿಟ್ಟರೆ ಅವರು ಅಲ್ಲಿ ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ಬ್ಯಾಂಕುಗಳ ರಾಷ್ಟ್ರೀಕರಣದ ಕಥೆ ಇದನ್ನು ತಿಳಿಸುತ್ತದೆ. 1969ರ ಜುಲೈ 19ರ ಸುಗ್ರೀವಾಜ್ಞೆಯಿಂದ 14 ಬ್ಯಾಂಕುಗಳು ಸರಕಾರದ ವಶವಾದುವು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲಿ ಸೇರಿದ್ದುವು. ಸಂಸತ್ತು ಕೆಲವೇ ದಿನಗಳಲ್ಲಿ ಮುಗಿಸಿದ ಮಸೂದೆಗೆ ಆಗಸ್ಟ್ 9ರಂದು ಅಂಕಿತ ಹಾಕಿದವರು, ಹಂಗಾಮಿ ರಾಷ್ಟ್ರಪತಿಗಳಾಗಿದ್ದ ಮುಖ್ಯ ನ್ಯಾಯಾಧೀಶ ಎಂ. ಹಿದಾಯತುಲ್ಲಾ, ನಾಗಪುರದಲ್ಲಿ ವಕೀಲರಾಗಿ ಮೊದಲುಗೊಂಡು ಅಲ್ಲಿಯ ಉಚ್ಚ ನ್ಯಾಯಾಲಯದ ಮುಖ್ಯಸ್ಥರಾಗಿದ್ದವರು. 1970ರ ಫೆಬ್ರವರಿ 10ರಂದು ಹನ್ನೊಂದು ನ್ಯಾಯಾಧೀಶರಲ್ಲಿ ಹತ್ತು ಮಂದಿ, ಪರಿಹಾರದ ಕ್ರಮ ಸರಿಯಿಲ್ಲವೆಂದೂ ತಾರತಮ್ಯವಿದೆಯೆಂದೂ ಆ ಕಾನೂನನ್ನು ರದ್ದುಗೊಳಿಸಿದರು. ಹಿದಾಯತುಲ್ಲಾರವರು ಆ ಪೀಠದಲ್ಲಿ ಕೂಡಲಿಲ್ಲ. ಹತ್ತು ಮಂದಿಯಲ್ಲಿ ಒಬ್ಬರು, ದಕ್ಷಿಣ ಕನ್ನಡದ ವಕೀಲರಾಗಿ 1952ರಿಂದ 1957ರ ವರೆಗೆ ರಾಜ್ಯಸಭೆಯಲ್ಲಿ ಕುಳಿತಿದ್ದ ಕೆ. ಎಸ್. ಹೆಗ್ಡೆಯವರು. ನಾಲ್ಕೇ ದಿನಗಳಲ್ಲಿ ಇನ್ನೊಂದು ಸುಗ್ರೀವಾಜ್ಞೆ ಹೊರಟು, ಪ್ರತಿಯೊಂದು ಬ್ಯಾಂಕಿಗೂ ಸಲ್ಲಬೇಕಾದ ಮೊತ್ತವನ್ನು ನಮೂದಿಸಿ ಕಾನೂನನ್ನು ಹೊಸದಾಗಿ ಬರೆಯಲಾಯಿತು. ಮಸೂದೆಯ ಹಂತದಲ್ಲಿ ಆಗಬೇಕಾಗಿದ್ದ ಪರೀಕ್ಷೆ ನ್ಯಾಯಾಲಯದಲ್ಲಿ ನಡೆಯಿತು.

ಇದೇ ಹೆಗ್ಡೆಯವರು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಗಳ ಹೆಸರಿನ ಮೊಕದ್ದಮೆಯಲ್ಲಿ 1973ರಲ್ಲಿ ಬಹುಮತದೊಡನಿದ್ದು, ತಮ್ಮ ಹಿರಿತನವನ್ನು ಮೀರಿ ಇನ್ನೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ರಾಜೀನಾಮೆಯಿತ್ತರು. 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದರು. ಹಿದಾಯತುಲ್ಲಾರವರು 1979ರಲ್ಲಿ ಉಪರಾಷ್ಟ್ರಪತಿಗಳಾಗಿ ರಾಜ್ಯಸಭೆಯ ಪೀಠವನ್ನೇರಿದರು. ಸದಸ್ಯರ ಸಾಲುಗಳಲ್ಲಿ ವಕೀಲರು ತೆಳುವಾಗುತ್ತಿದ್ದ ಕಾಲದಲ್ಲಿಯೇ ಎರಡು ಸದನಗಳ ಅಧ್ಯಕ್ಷಪೀಠಗಳಿಗೂ ಮಾಜಿ ನ್ಯಾಯಾಧೀಶರು ಬಂದರೆಂಬುದು ಆ ವರ್ಷಗಳ ಒಂದು ವೈಚಿತ್ರ್ಯ.

6

ವಕೀಲರ ಸಂಖ್ಯೆ ಕುಗ್ಗಿದುದನ್ನು ಪತನವೆಂದು ಹಳಿಯಬೇಕಾಗಿಲ್ಲ. ನೇಗಿಲು ಹಿಡಿದವನೂ ಕಾನೂನು ಮಾಡುವ ಸಭೆಯಲ್ಲಿ ಕೂಡುವಂತಾದುದು ಜನತಂತ್ರದ ಗಳಿಕೆಯೇ. ಕಳೆದುಹೋದುದು ವಿಧಿವಿಧಿಯನ್ನೂ ಓದಿ, ‘ಈ ಮಾತಿನ ಅರ್ಥವೇನು, ಇದರಿಂದ ಯಾರಿಗೆ ಏಟು ಬೀಳುತ್ತದೆ’ ಎಂದು ಕೇಳುವ ಅಭ್ಯಾಸ. 1985ರ ಪಕ್ಷಾಂತರ ನಿಷೇಧದ ತಿದ್ದುಪಡಿ ಬಂದ ಮೇಲೆ, ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ನೀಡಿದ ಸದಸ್ಯನು ಸ್ಥಾನವನ್ನೇ ಕಳೆದುಕೊಳ್ಳಬೇಕಾದುದರಿಂದ, ಕಾಮತರಂಥವರು ಎದ್ದು ನಿಲ್ಲುವುದು ಇನ್ನಷ್ಟು ಕಠಿಣವಾಗಿದೆ. ಆ ಪ್ರಶ್ನೆಗಳನ್ನು ಈಗ ಹೆಚ್ಚಾಗಿ ಕೇಳುವವರು ನ್ಯಾಯಾಧೀಶರು. ಅವರು ಕೇಳುವ ಹೊತ್ತಿಗೆ ಕಾನೂನು ಜಾರಿಗೆ ಬಂದು ವರ್ಷಗಳೇ ಸಂದಿರುತ್ತವೆ.

ಆದರೆ ಮಸೂದೆಯನ್ನು ಓದುವ ಅಧಿಕಾರ ಯಾವ ವೃತ್ತಿಯ ಸೊತ್ತೂ ಅಲ್ಲ. 1993ರಲ್ಲಿ ಸಂಸತ್ತು ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳನ್ನು ಏರ್ಪಡಿಸಿತು. ತಮ್ಮ ಮುಂದೆ ಬಂದ ಮಸೂದೆಗಳ ಮೇಲೆ ಅವು ಸಾರ್ವಜನಿಕರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಆಹ್ವಾನಿಸುವುದುಂಟು. ಅದನ್ನು ಬರೆಯಲು ಸನ್ನದು ಬೇಕಿಲ್ಲ. ಪರಪ್ರಾಂತದಲ್ಲಿ ನೆಲೆಸಿ, ಬೇರೆ ಬೇರೆ ವೃತ್ತಿಗಳಲ್ಲಿ ನುರಿತ ವಿದ್ಯಾವಂತರ ಸಂಘಗಳಿಗೆ ಇದು ಕೈಗೆಟಕುವ ಕೆಲಸ.

ಕನ್ನಡದಲ್ಲಿ ‘ಶಾಸನ’ವೆಂಬ ಮಾತಿಗೆ ಕಲ್ಲಿನ ಬರಹ, ಆಳುವ ಕಟ್ಟಳೆ ಎಂದು ಎರಡೂ ಅರ್ಥಗಳುಂಟು. ಹಳೆಯ ದತ್ತಿಶಾಸನಗಳಲ್ಲಿ ಎಷ್ಟೋ ಕಡೆ ರಾಜನ ಪ್ರಶಸ್ತಿ ಸಂಸ್ಕೃತದಲ್ಲಿದ್ದರೆ, ಭೂಮಿಯ ಎಲ್ಲೆಕಟ್ಟುಗಳ ವಿವರ ಕನ್ನಡದಲ್ಲಿದೆ. ಹೊಗಳಿಕೆ ಯಾರಿಗೆ ತಿಳಿಯದಿದ್ದರೂ ನಡೆಯುತ್ತದೆ. ಹೊಲದ ಎಲ್ಲೆ ಮಾತ್ರ ಉಳುವವನಿಗೆ ತಿಳಿಯಲೇಬೇಕೆಂಬ ವಿವೇಕ ಅದನ್ನು ಬರೆಯಿಸಿದವರಿಗಿತ್ತು. ಇಂದಿನ ಶಾಸನಸಭೆಗಳು ಹೊರಡಿಸುವ ಶಾಸನಗಳನ್ನೂ, ಅವುಗಳನ್ನು ಬರೆದವರು ವಕೀಲರಿರಲಿ ಅಲ್ಲದಿರಲಿ, ಇದೇ ಒರೆಗೆ ಹಚ್ಚಿ ನೋಡುವುದು ನ್ಯಾಯ.